ಏನೂ ತಿದ್ದದಿದ್ರೂ ಎಕ್ಸೆಲ್ ‘ಸೇವ್ ಮಾಡ್ಬೇಕಾ’ ಅಂತ ಕೇಳೋದ್ಯಾಕೆ?

ಬೇತಮಂಗಲ: ಡೇರಿ ಲೆಕ್ಕವೋ, ಅಂಗಡಿ ಸಾಲದ ಪಟ್ಟಿಯೋ ಎಕ್ಸೆಲ್‌ನಲ್ಲಿ ಬರೀ ತೆರೆದು ನೋಡಿ ಮುಚ್ಚಲು ಹೋದರೂ ‘ಸೇವ್ ಮಾಡಬೇಕೇ?’ ಎಂಬ ಪ್ರಶ್ನೆ ಬರುತ್ತದೆ. ಗಾಬರಿ ಬೇಡ.

ಕಾರಣ: ಟುಡೇ, ನೌ, ರ‍್ಯಾಂಡ್, ಆಫ್‌ಸೆಟ್, ಇಂಡೈರೆಕ್ಟ್ ಫಾರ್ಮುಲಾಗಳು ಫೈಲ್ ತೆರೆದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕುತ್ತವೆ. ಹಳೇ ಎಕ್ಸೆಲ್‌ನ ಫೈಲನ್ನು ಹೊಸದರಲ್ಲಿ ತೆರೆದರೂ ಹೀಗೇ. ಒಮ್ಮೆ ಸೇವ್ ಮಾಡಿದರೆ ಅದು ನಿಲ್ಲುತ್ತದೆ.

ಪರಿಹಾರ: ಬಿಲ್ ತಾರೀಖಿಗೆ ಟುಡೇ ಫಾರ್ಮುಲಾ ಹಾಕಬೇಡಿ, ನಾಳೆ ತೆರೆದರೆ ತಾರೀಖೇ ಬದಲಾಗಿರುತ್ತೆ. ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿದರೆ ಅಂದಿನ ತಾರೀಖು ಹಾಗೇ ಉಳಿಯುತ್ತದೆ.

ಎಚ್ಚರ: ಉತ್ತರಿಸುವ ಮುನ್ನ ‘ಕ್ಯಾನ್ಸಲ್’ ಒತ್ತಿ, ಮೇಲಿನ ‘ಅನ್‌ಡು’ ಬಾಣ ನೋಡಿ. ಅದು ಮಸುಕಾಗಿಲ್ಲ ಅಂದ್ರೆ ಕೈತಪ್ಪಿ ಯಾವುದೋ ಅಂಕಿ ಬದಲಾಗಿರಬಹುದು. ಆಗ ಸೇವ್ ಮಾಡದೆ ಮುಚ್ಚಿ, ಹಳೇ ಲೆಕ್ಕ ಉಳಿಯುತ್ತದೆ.