ಅರ್ಜಿಯ ಜಾಡು, ಹಳ್ಳದ ಜಾಡು: ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ನೀರಿನ ಅನುಮತಿಯ ಆನ್‌ಲೈನ್ ವ್ಯವಸ್ಥೆ

ಕರ್ನಾಟಕದಲ್ಲಿ ಸಕಾಲ ಯೋಜನೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದಾಗ ಅದರ ವ್ಯಾಪ್ತಿಯಲ್ಲಿದ್ದುದು 11 ಇಲಾಖೆಗಳ 151 ಸೇವೆ. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಒಂದು ಸಂಖ್ಯೆ ಸಿಗುತ್ತಿತ್ತು. ಆ ಸಂಖ್ಯೆ ಹಿಡಿದು ಕಡತ ಯಾರ ಬಳಿ ಇದೆ, ಗಡುವು ಎಂದು ಮುಗಿಯುತ್ತದೆ ಎಂದು ನೋಡಬಹುದಾಗಿತ್ತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದಾದರೂ, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಳಿದು ದಣಿದ ಜನಕ್ಕೆ ಇದು ದೊಡ್ಡ ಬದಲಾವಣೆಯೇ ಆಗಿತ್ತು. ಆಮೇಲೆ ಸೇವಾ ಸಿಂಧು ಬಂತು, ಗ್ರಾಮ ಒನ್ ಕೇಂದ್ರಗಳು ಬಂದವು. ಇವೆಲ್ಲಕ್ಕೂ ಮೊದಲೇ ‘ಭೂಮಿ’ ಯೋಜನೆ ಪಹಣಿಗಳನ್ನು ಗಣಕಕ್ಕೆ ಏರಿಸಿತ್ತು. ಈ ಪರಂಪರೆಯ ಪ್ರತಿಯೊಂದು ವ್ಯವಸ್ಥೆಯೂ ಒಬ್ಬ ಅರ್ಜಿದಾರ, ಒಂದು ಸರ್ವೆ ನಂಬರು, ಒಂದು ಗಡುವು ಎಂಬ ಚೌಕಟ್ಟಿನ ಮೇಲೆ ನಿಂತಿದೆ. ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ನೀರಿನ ಪ್ರಶ್ನೆ ಈ ಚೌಕಟ್ಟಿಗೆ ಏಕೆ ಒಗ್ಗುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಅನುಮತಿ ಇರುವ ಕಡೆ ನೋಡೋಣ. ನಮ್ಮ ನೀರಿನ ಅನುಮತಿಗಳ ಬಹುಪಾಲು ಅಂತರ್ಜಲಕ್ಕೆ ಸಂಬಂಧಿಸಿದ್ದು. 1999ರ ರಾಜ್ಯ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಬಾವಿ ತೋಡಲು ಅನುಮತಿ ಬೇಕು. 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿಗೆ ಕಡಿವಾಣ ಹಾಕಿತು. ಕೇಂದ್ರದಲ್ಲಿ 1997ರಲ್ಲಿ ರಚನೆಯಾದ ಅಂತರ್ಜಲ ಪ್ರಾಧಿಕಾರ 2024ರಲ್ಲಿ ‘ಭೂನೀರ್’ ಎಂಬ ಹೊಸ ಜಾಲತಾಣವನ್ನು ತಂದಿತು. ಅದರ 2020ರ ಮಾರ್ಗಸೂಚಿ ಕೃಷಿಗೆ ವಿನಾಯಿತಿ ಕೊಟ್ಟಿದೆ. ಕಾಫಿ ತೋಟದ ಮಟ್ಟಿಗೆ ಬಿಗಿಯಾದ ಆನ್‌ಲೈನ್ ಅರ್ಜಿ ಎಂದರೆ ಪಲ್ಪಿಂಗ್ ನೀರಿನದು. ಹಣ್ಣು ಪಲ್ಪ್ ಮಾಡಿದ ಕೊಳೆನೀರನ್ನು ಹೊರಬಿಡುವವರು 1974ರ ಜಲಮಾಲಿನ್ಯ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಆ ಅರ್ಜಿ ಮಂಡಳಿಯ ಆನ್‌ಲೈನ್ ವ್ಯವಸ್ಥೆಯ ಮೂಲಕ ಸಾಗುತ್ತದೆ. ಎಂದರೆ, ತೋಟದಿಂದ ಹಳ್ಳಕ್ಕೆ ಹೋಗುವ ನೀರಿಗೆ ಒಂದು ಕಡತವಿದೆ. ಹಳ್ಳದಿಂದ ತೋಟಕ್ಕೆ ಬರುವ ನೀರಿಗೆ ಅಂಥದೊಂದು ಕಡತ ರೂಢಿಯಲ್ಲಿಲ್ಲ.

ಬಯಲಿನ ಕಡೂರಿನಲ್ಲಿ ಸಮಸ್ಯೆ ನೆಲದಡಿಯದು, ಅತಿಯಾಗಿ ಕೊರೆದ ಕೊಳವೆಬಾವಿಗಳದು. ಮಲೆನಾಡಿನಲ್ಲಿ ಹಾಗಲ್ಲ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹೇಮಾವತಿ ಹುಟ್ಟಿ ಕಾವೇರಿಯತ್ತ ಹೋಗುತ್ತದೆ. ಕಳಸವನ್ನು ಬಳಸಿ ಹರಿಯುವ ಭದ್ರೆ ತುಂಗೆಯನ್ನು ಕೂಡಿ ಕೃಷ್ಣೆಯ ಕಣಿವೆ ಸೇರುತ್ತದೆ. ಘಟ್ಟದ ಅಂಚಿನ ನೀರು ನೇತ್ರಾವತಿಯಾಗಿ ಪಡುವಣಕ್ಕೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೆಂದರೂ ಸುರಿಯುವ ಈ ಸೀಮೆಗೆ ನೀರು ಬೇಕಾಗುವುದು ಫೆಬ್ರವರಿ–ಮಾರ್ಚ್‌ನಲ್ಲಿ, ಹಳ್ಳಗಳು ಸೊರಗಿದ ಹೊತ್ತಿನಲ್ಲಿ. ರೋಬಸ್ಟಾ ಗಿಡಕ್ಕೆ ಮೊಗ್ಗು ಬಲಿತ ಸಮಯದಲ್ಲಿ ಒಂದರಿಂದ ಒಂದೂವರೆ ಇಂಚು ಹೂಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಹೂವಾದ ಮೇಲೆ ಇನ್ನೊಮ್ಮೆ ಬ್ಯಾಕಿಂಗ್ ನೀರನ್ನೂ ಕೊಡಬೇಕು. ಅದು ತಪ್ಪಿದರೆ ಇಡೀ ವರ್ಷದ ಫಸಲಿಗೇ ಪೆಟ್ಟು.

ಇದರ ಗಾತ್ರವನ್ನು ಲೆಕ್ಕ ಹಾಕಿ ನೋಡಬೇಕು. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. ಹತ್ತು ಎಕರೆ ತೋಟಕ್ಕೆ ಒಂದೂವರೆ ಇಂಚು ಕೊಟ್ಟರೆ 15 ಲಕ್ಷ ಲೀಟರ್ ದಾಟುತ್ತದೆ. ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಆ ಲೆಕ್ಕದಲ್ಲಿ ಇದು 300 ಜನರ ಹಳ್ಳಿಗೆ ಮೂರು ತಿಂಗಳ ನೀರು. ಬೆಳೆಗಾರನನ್ನು ದೂರಲು ಇದನ್ನು ಹೇಳುತ್ತಿಲ್ಲ. ಮಳೆಗಾಲದ ನೀರನ್ನು ತನ್ನ ಕೆರೆಯಲ್ಲೇ ಹಿಡಿದಿಟ್ಟವನ ಲೆಕ್ಕ ಬೇರೆ, ಹರಿಯುವ ಹಳ್ಳಕ್ಕೆ ಮರಳು ಚೀಲದ ಕಟ್ಟ ಹಾಕಿ ಪಂಪ್ ಇಟ್ಟವನ ಲೆಕ್ಕ ಬೇರೆ. ಈಗಿನ ಯಾವ ಆನ್‌ಲೈನ್ ನಮೂನೆಯೂ ಈ ಇಬ್ಬರನ್ನು ಬೇರ್ಪಡಿಸಿ ನೋಡುವುದಿಲ್ಲ.

ಹಳ್ಳದ ನೀರಿನ ಬಳಕೆಯನ್ನು ಲೆಕ್ಕಕ್ಕೆ ತರಲು ಕಾನೂನಿನಲ್ಲಿ ಆಧಾರವಿಲ್ಲವೆಂದಲ್ಲ. ಭೂಕಂದಾಯ ಕಾಯ್ದೆ, 1964ರ 67ನೇ ಕಲಮು ಹೊಳೆ, ಹಳ್ಳ, ಕೆರೆಗಳನ್ನು ಸರ್ಕಾರದ ಸ್ವತ್ತೆಂದು ಸಾರುತ್ತದೆ. ನೀರಾವರಿ ಕಾಯ್ದೆ, 1965 ಹರಿಯುವ ನೀರನ್ನು ನಿಯಂತ್ರಿಸುವ ದಾರಿಯನ್ನು ಸರ್ಕಾರಕ್ಕೆ ತೆರೆದಿಟ್ಟಿದೆ. ಇವಕ್ಕಿಂತ ಹಳೆಯದಾದ 1882ರ ಅನುಭೋಗ ಹಕ್ಕುಗಳ ಕಾಯ್ದೆ ಹಳ್ಳದ ದಂಡೆಯ ಜಮೀನುದಾರನಿಗೆ ಕುಡಿಯಲು, ದನಕರುಗಳಿಗೆ, ಬೇಸಾಯಕ್ಕೆ ನೀರು ಬಳಸುವ ಹಕ್ಕನ್ನು ಒಪ್ಪುತ್ತದೆ. ಆದರೆ ಬೇಸಾಯದ ಬಳಕೆಯಿಂದ ಅವನಂಥದೇ ಇತರ ದಂಡೆಯವರಿಗೆ ಗಣನೀಯ ಹಾನಿ ಆಗಕೂಡದು ಎಂಬುದು ಷರತ್ತು. ಈ ಕೊನೆಯ ಮಾತೇ ಎಲ್ಲದರ ತಿರುಳು ಎಂದು ನನಗನ್ನಿಸುತ್ತದೆ. ಮೇಲಿನ ತೋಟದಲ್ಲಿ ಎಷ್ಟು ಪಂಪು, ಎಷ್ಟು ಅಶ್ವಶಕ್ತಿ, ಯಾವ ದಿನಗಳಂದು ಎಂಬ ದಾಖಲೆಯೇ ಇಲ್ಲದಿದ್ದರೆ ಕೆಳಗಿನ ಗದ್ದೆಯವನು ತನಗಾದ ಹಾನಿಯನ್ನು ರುಜುವಾತು ಮಾಡುವುದಾದರೂ ಹೇಗೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷಗಳಲ್ಲಿ ಆಡಳಿತದ ಕೈಯಲ್ಲಿ ಉಳಿಯುವುದು ಹೊಳೆಗೆ ಪಂಪ್ ಇಡಬಾರದೆಂಬ ಸಾರಾಸಗಟು ಆದೇಶ ಒಂದೇ. ಹಳ್ಳವಾರು ಮಾಹಿತಿ ಇಲ್ಲದ ಕಾರಣ ಆ ಆದೇಶ ನೀರಿರುವ ಹಳ್ಳ, ಬತ್ತಿದ ಹಳ್ಳ ಎಂಬ ಭೇದ ಮಾಡಲಾರದು.

ಜಾಡು ಹಿಡಿಯುವ ಸೌಲಭ್ಯ ಯಾರಿಗಾಗಿ ಎಂಬುದು ಮುಂದಿನ ಪ್ರಶ್ನೆ. ಸಕಾಲದ ಸಂಖ್ಯೆ ಅರ್ಜಿದಾರನ ಕೈಯಲ್ಲಿರುತ್ತದೆ. ಜಾತಿ ಪ್ರಮಾಣಪತ್ರಕ್ಕೆ ಅದು ಸರಿ, ಏಕೆಂದರೆ ಒಬ್ಬನ ಪ್ರಮಾಣಪತ್ರದಿಂದ ನೆರೆಯವನ ಪ್ರಮಾಣಪತ್ರ ಕಡಿಮೆಯಾಗುವುದಿಲ್ಲ. ನೀರು ಹಾಗಲ್ಲ. ಕ್ಯಾಲಿಫೋರ್ನಿಯಾದ ಜಲಸಂಪನ್ಮೂಲ ನಿಯಂತ್ರಣ ಮಂಡಳಿ ‘ಇ-ರಿಮ್ಸ್’ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ನೀರಿನ ಹಕ್ಕುಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಯಾವ ತೊರೆಯಿಂದ ಯಾರು ಎಷ್ಟು ಎತ್ತುತ್ತೇವೆಂದು ಘೋಷಿಸಿದ್ದಾರೆ ಎಂಬುದನ್ನು ನಕ್ಷೆಯ ಮೇಲೆ ಯಾರು ಬೇಕಾದರೂ ಹುಡುಕಬಹುದಾಗಿತ್ತು. ಅಲ್ಲಿನ ಹಕ್ಕಿನ ಕ್ರಮ ನಮ್ಮದಲ್ಲ. ಮೊದಲು ಬಂದವನಿಗೆ ಮೊದಲ ಪಾಲೆಂಬ ನಿಯಮ ಮಲೆನಾಡಿಗೆ ಬೇಡವೂ ಬೇಡ. ಆದರೆ ನೀರಿನ ದಾಖಲೆ ತೊರೆಗೆ ಅಂಟಿಕೊಂಡಿರಬೇಕು, ಎಲ್ಲರಿಗೂ ಕಾಣಬೇಕು ಎಂಬುದನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಕಲಮು ಸ್ವಯಂಪ್ರೇರಿತ ಪ್ರಕಟಣೆಯನ್ನು ಇಲಾಖೆಗಳ ಕರ್ತವ್ಯವೆಂದೇ ಹೇಳುತ್ತದೆ. ಹಾಗಾಗಿ ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ.

ತಾಂತ್ರಿಕ ತೊಡಕೊಂದಿದೆ. ಪಹಣಿಯಲ್ಲಿ ಹಳ್ಳ ಕಾಣಿಸುವುದು ‘ಬಿ ಖರಾಬು’ ಎಂಬ ಗುಂಟೆಗಳ ಲೆಕ್ಕವಾಗಿ, ಒಂದೊಂದು ಸರ್ವೆ ನಂಬರಿನಲ್ಲಿ ಒಂದೊಂದು ತುಂಡಾಗಿ. ಈ ತುಂಡುಗಳನ್ನು ಜೋಡಿಸಿ, ಮೇಲಿನಿಂದ ಕೆಳಕ್ಕೆ ಅನುಕ್ರಮ ಕೊಟ್ಟು, ಪ್ರತಿ ಹಳ್ಳಕ್ಕೂ ಒಂದು ಗುರುತಿನ ಸಂಖ್ಯೆ ಇಡುವುದು ಮೊದಲ ಕೆಲಸ. ಗ್ರಾಮ ನಕ್ಷೆಗಳು ಗಣಕದಲ್ಲಿರುವಾಗ ಇದು ಅಸಾಧ್ಯವೇನಲ್ಲ. ಅರ್ಜಿಯ ಕಾಲವೂ ಬದಲಾಗಬೇಕು. ಮೊಗ್ಗು ಬಲಿತ ಮೇಲೆ ಅರ್ಜಿ ಹಾಕಿ ಗಡುವಿನ ಕೊನೆಯ ದಿನದವರೆಗೆ ಕಾದರೆ ಹೂವು ಕಾಯುವುದಿಲ್ಲ. ಹಿಂಗಾರು ಮುಗಿದು ಹಳ್ಳದ ಹರಿವು ತಿಳಿದ ನವೆಂಬರ್–ಡಿಸೆಂಬರ್‌ನಲ್ಲೇ ಆ ಸಾಲಿನ ಸರದಿ ನಿಗದಿಯಾಗಬೇಕು. ಕುಡಿಯುವ ನೀರಿನ ಪಾಲನ್ನು ಮೊದಲು ತೆಗೆದಿಟ್ಟು ಉಳಿದುದನ್ನು ಹಂಚಬೇಕು. ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ತಂದು ಕುಡಿಯುವ ಮನೆಗಳನ್ನೂ ಆ ಪಾಲಿನಲ್ಲಿ ಎಣಿಸಬೇಕು.

ದತ್ತಾಂಶಕ್ಕೆ ಎಲ್ಲಿಗೆ ಹೋಗುವುದು? ಒಂದು ಭಾಗ ಆಗಲೇ ಇದೆ. ಮೆಸ್ಕಾಂ ಸಂಪರ್ಕ ಪಡೆದ ಪ್ರತಿ ಪಂಪ್‌ಸೆಟ್‌ಗೂ ಆರ್‌ಆರ್ ಸಂಖ್ಯೆಯಿದೆ, ಅದರ ಜೊತೆ ಅಶ್ವಶಕ್ತಿಯೂ ದಾಖಲಾಗಿರುತ್ತದೆ. ಆ ಸಂಖ್ಯೆಯನ್ನು ಹಳ್ಳದ ಸಂಖ್ಯೆಗೆ ಜೋಡಿಸಿದರೆ ಅರ್ಧ ಪಟ್ಟಿ ಸಿದ್ಧವಾದಂತೆ. ಡೀಸೆಲ್ ಎಂಜಿನ್‌ಗಳು, ಟ್ರ್ಯಾಕ್ಟರಿಗೆ ಜೋಡಿಸಿದ ಪಂಪ್‌ಗಳು ಅದರಲ್ಲಿ ಬರುವುದಿಲ್ಲ. ಸ್ಪ್ರಿಂಕ್ಲರ್ ಕಾಲದಲ್ಲಿ ಅವುಗಳ ಪಾಲು ಸಣ್ಣದಲ್ಲ. ಸಂಸೆ, ಕುದುರೆಮುಖದ ಕಡೆ ಸಿಗ್ನಲ್ಲೇ ಸಿಗದ ಜಾಗಗಳಿರುವಾಗ ಬೆಳೆಗಾರರೇ ಮೊಬೈಲಿನಲ್ಲಿ ತುಂಬಲಿ ಎನ್ನುವಂತೆಯೂ ಇಲ್ಲ. ಯಾವ ತಿರುವಿನಲ್ಲಿ ಯಾರ ಪಂಪ್ ಇದೆ ಎಂಬುದು ದಿನಾ ಪೈಪ್‌ಲೈನ್ ನೋಡುತ್ತ ಓಡಾಡುವ ಪಂಚಾಯಿತಿಯ ನೀರುಗಂಟಿಗೆ ಚೆನ್ನಾಗಿ ಗೊತ್ತಿರುತ್ತದೆ. ಪಟ್ಟಿಯ ಉಳಿದರ್ಧವನ್ನು ಅವನಿಂದ ಬರೆಸಿ, ಅದಕ್ಕೆ ತಕ್ಕ ಸಂಭಾವನೆ ಕೊಟ್ಟು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿದ ನಂತರವೇ ಗಣಕಕ್ಕೆ ಏರಿಸಬೇಕು.