ಗಡುವು ಮುಗಿದ ಜಾವಾ, ಕಾಸಿಗೆ ಸಿಗುವ ಪ್ಯಾಚ್

ಬ್ಯಾಂಕೋ ವಿಮಾ ಕಂಪನಿಯೋ ಒಮ್ಮೆ ಬರೆಸಿದ ಸಾಫ್ಟ್‌ವೇರ್ ಹದಿನೈದು-ಇಪ್ಪತ್ತು ವರ್ಷ ದುಡಿಯುವುದು ಅಪರೂಪವೇನಲ್ಲ. ಅದು ನಿಂತಿರುವ ತಳಪಾಯಕ್ಕೆ ಅಷ್ಟು ಆಯುಸ್ಸಿಲ್ಲ. ಪೈಥಾನ್‌ನ ಒಂದು ಆವೃತ್ತಿಗೆ ಭದ್ರತಾ ಪ್ಯಾಚ್ ಸಿಗುವುದು ಐದು ವರ್ಷ. ಪಿಎಚ್‌ಪಿಗೆ ಬಹುಕಾಲ ಮೂರೇ ವರ್ಷವಿತ್ತು, ಈಗ ನಾಲ್ಕು. ಗಡುವು ಮುಗಿದ ಮೇಲೂ ಪ್ರೋಗ್ರಾಂ ಓಡುತ್ತಲೇ ಇರುತ್ತದೆ. ಹೊಸದಾಗಿ ಪತ್ತೆಯಾದ ದೋಷಗಳನ್ನು ಮುಚ್ಚುವವರು ಮಾತ್ರ ಇರುವುದಿಲ್ಲ. ಆ ಕೆಲಸವನ್ನು ಹಣ ಪಡೆದು ಮಾಡಿಕೊಡುವುದು ಈಗ ಒಂದು ಉದ್ಯಮವೇ ಆಗಿದೆ.

ಇದು ದೊಡ್ಡ ಸುದ್ದಿಯಾದದ್ದು ದೊಡ್ಡ ಗಿರಾಕಿಗಳ ವಿಶೇಷ ಒಪ್ಪಂದಗಳಿಂದ. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಾಗ ಬ್ರಿಟನ್ ಸರ್ಕಾರ ಇನ್ನೊಂದು ವರ್ಷದ ಪ್ಯಾಚುಗಳಿಗಾಗಿ ಮೈಕ್ರೋಸಾಫ್ಟ್‌ಗೆ ಸುಮಾರು 55 ಲಕ್ಷ ಪೌಂಡ್ ಕೊಟ್ಟಿತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿ ಹಬ್ಬಿದಾಗ, ಹಣ ಕೊಟ್ಟವರಿಗೆಂದೇ ಸಿದ್ಧವಾಗಿದ್ದ ಪ್ಯಾಚನ್ನು ಕಂಪನಿ ಎಲ್ಲರಿಗೂ ಬಿಡುಗಡೆ ಮಾಡಿತು. ಮರುವರ್ಷ ನಮ್ಮ ರಿಸರ್ವ್ ಬ್ಯಾಂಕ್, ಇನ್ನೂ ಎಕ್ಸ್‌ಪಿಯಂಥ ಹಳೆಯ ವ್ಯವಸ್ಥೆಗಳಲ್ಲಿದ್ದ ಎಟಿಎಂಗಳನ್ನೆಲ್ಲ ಬೆಂಬಲವಿರುವ ಆವೃತ್ತಿಗೆ ಹಂತಹಂತವಾಗಿ ಬದಲಿಸಲು 2019ರ ಜೂನ್‌ವರೆಗೆ ಗಡುವು ಕೊಟ್ಟಿತು.

ಪ್ರೋಗ್ರಾಮಿಂಗ್ ಲೋಕದಲ್ಲಿ ಈ ವ್ಯವಹಾರದ ಪೂರ್ಣ ಚಿತ್ರ ಕಾಣುವುದು ಜಾವಾದಲ್ಲಿ. 2010ರಲ್ಲಿ ಜಾವಾ ರೂಪಿಸಿದ ಸನ್ ಕಂಪನಿಯನ್ನು ಕೊಂಡ ಒರಾಕಲ್, 2013ರಲ್ಲಿ ಜಾವಾ 6ರ ಉಚಿತ ಅಪ್‌ಡೇಟ್ ನಿಲ್ಲಿಸಿತು; ಮುಂದಿನವು ಕಾಸು ಕೊಟ್ಟವರಿಗೆ ಮಾತ್ರ. 2019ರ ಜನವರಿಯ ನಂತರ, ಆಗ ಎಲ್ಲೆಡೆ ಬಳಕೆಯಲ್ಲಿದ್ದ ಜಾವಾ 8ಕ್ಕೂ ವಾಣಿಜ್ಯ ಬಳಕೆಯಲ್ಲಿ ಅದೇ ನಿಯಮ ಬಂತು. ಆದರೆ ಸನ್ ಹಿಂದೆಯೇ ಜಾವಾದ ಮೂಲ ಕೋಡನ್ನು ಓಪನ್‌ಜೆಡಿಕೆ ಹೆಸರಿನಲ್ಲಿ ಮುಕ್ತವಾಗಿಸಿತ್ತು. ಒರಾಕಲ್ ಕೈಬಿಟ್ಟ ಹಳೆಯ ಆವೃತ್ತಿಗಳ ಮುಕ್ತ ಶಾಖೆಗಳನ್ನು ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಒಂದೊಂದಾಗಿ ಎತ್ತಿಕೊಂಡಿತು: 2013ರಲ್ಲಿ 6, 2015ರಲ್ಲಿ 7, 2019ರಲ್ಲಿ 8 ಮತ್ತು 11. ಅಜೂಲ್, ಅಮೆಜಾನ್ ಮುಂತಾದವರ ಎಂಜಿನಿಯರುಗಳೂ ಕೈಜೋಡಿಸಿದರು. ಇವರಲ್ಲಿ ಕೆಲವರು ಬೆಂಬಲ ಮಾರಿ ಸಂಪಾದಿಸುತ್ತಾರೆ, ಆದರೆ ತಿದ್ದಿದ ಕೋಡು ಬಯಲಿನಲ್ಲೇ ಉಳಿಯುತ್ತದೆ. ಕಾಸು ಕೆಲವರದು, ಫಲ ಎಲ್ಲರದು. ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ನ್ಯಾಯವಾದ ಏರ್ಪಾಡು ಇದೇ. 2023ರಲ್ಲಿ ಒರಾಕಲ್, ಜಾವಾ ಮುಟ್ಟದ ನೌಕರರೂ ಸೇರಿ ಸಂಸ್ಥೆಯ ಒಟ್ಟು ತಲೆ ಎಣಿಸಿ ಶುಲ್ಕ ಹಾಕತೊಡಗಿದ ಮೇಲಂತೂ ಈ ಮುಕ್ತ ಏರ್ಪಾಡಿನ ಬೆಲೆ ಇನ್ನಷ್ಟು ತಿಳಿಯಿತು.

ಉಳಿದ ಕಡೆ ಕತೆ ಚಿಕ್ಕದು. 2015ಕ್ಕೆ ಮುಗಿಯಬೇಕಿದ್ದ ಪೈಥಾನ್ 2.7ಕ್ಕೆ ಅದರ ಸಮುದಾಯವೇ 2020ರವರೆಗೆ ಅವಧಿ ಕೊಟ್ಟಿತು, ಆಮೇಲೆ ಹಣಕ್ಕೆ ಬೆಂಬಲ ಕೊಡುವ ಆಕ್ಟಿವ್‌ಸ್ಟೇಟ್‌ನಂಥ ಕಂಪನಿಗಳು ಬಂದವು. ಜರ್ಮನಿಯ ಮಕಾಂಡ್ರಾ ಎಂಬ ಸಣ್ಣ ಕಂಪನಿ 2013ರಿಂದ ರೂಬಿ ಭಾಷೆಯ ವೆಬ್ ಚೌಕಟ್ಟಾದ ರೈಲ್ಸ್‌ನ ಹಳೆಯ ಆವೃತ್ತಿಗಳನ್ನು ಕಾಯುತ್ತ ಬಂದಿದೆ. 2021ರ ಕೊನೆಗೆ ಗೂಗಲ್ ನಿಲ್ಲಿಸಿದ ವೆಬ್ ಚೌಕಟ್ಟು ಆಂಗ್ಯುಲರ್‌ಜೆಎಸ್‌ಗೆ ಹೀರೋಡೆವ್ಸ್ ಎಂಬ ಕಂಪನಿ ಬೆಂಬಲ ಮಾರುತ್ತದೆ.

ಪ್ಯಾಚ್ ಕೊಳ್ಳುವವರು ಮರೆಯುವ ಸಂಗತಿಯೊಂದಿದೆ. ಯಾವ ವೇದಿಕೆಯೂ ಒಂಟಿಯಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ 16 ಬಾಳಬೇಕಿದ್ದದ್ದು 2024ರ ಏಪ್ರಿಲ್‌ವರೆಗೆ. ಅದು ನೆಚ್ಚಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.1.1ರ ಅವಧಿ ಮುಗಿಯುತ್ತದೆಂಬ ಕಾರಣಕ್ಕೆ 2023ರ ಸೆಪ್ಟೆಂಬರ್ 11ಕ್ಕೇ ನಿಂತಿತು. ಮೇಲಿನ ಪದರಕ್ಕೆ ಮಾತ್ರ ಹಣ ಕಟ್ಟಿ ನಿಶ್ಚಿಂತರಾಗುವಂತಿಲ್ಲ. ಕ್ಲೌಡ್ ಬಂದ ಮೇಲೆ ಇನ್ನೊಂದು ಬದಲಾವಣೆಯಾಗಿದೆ. 2024ರಿಂದ ಅಮೆಜಾನ್‌ನ ಡೇಟಾಬೇಸ್ ಸೇವೆಯಲ್ಲಿ ಅವಧಿ ಮುಗಿದ ಮೈಎಸ್‌ಕ್ಯುಎಲ್ 5.7ರಲ್ಲೇ ಉಳಿದವರಿಗೆ ವಿಸ್ತರಿತ ಬೆಂಬಲದ ಶುಲ್ಕ ಗಂಟೆಯ ಲೆಕ್ಕದಲ್ಲಿ ತಾನಾಗಿ ಬೀಳುತ್ತದೆ. ಮೊದಲು ಕೇಳಿ ಕೊಳ್ಳುತ್ತಿದ್ದುದು ಈಗ ಸುಮ್ಮನಿದ್ದರೂ ಬಿಲ್ಲಿಗೆ ಸೇರುತ್ತದೆ.

ಹಳೆಯ ಜಾವಾ ಕೋಡನ್ನು ನೋಡಿಕೊಳ್ಳುವ, ಹೊಸ ಆವೃತ್ತಿಗೆ ಸಾಗಿಸುವ ಕೆಲಸ ಬೆಂಗಳೂರಿನಲ್ಲಿ ಧಾರಾಳವಾಗಿ ನಡೆಯುತ್ತದೆ. ಆ ಹೊಣೆ ಹೊತ್ತವರಲ್ಲಿ ಒಂದು ವಿನಂತಿ. ಬೆಂಬಲದ ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಹೊಸ ಆವೃತ್ತಿಗೆ ಹೋಗುವ ತಾರೀಖನ್ನೂ ಗೊತ್ತುಮಾಡಿ, ಅದಕ್ಕೆ ಜನರನ್ನು ನೇಮಿಸಿ. ನೀವು ಹಣ ಕೊಟ್ಟು ಮಾಡಿಸಿದ ತಿದ್ದುಪಡಿ ಮುಕ್ತ ಶಾಖೆಗೆ ಮರಳುತ್ತದೆಯೇ ಎಂದು ಮಾರುವವರನ್ನು ಕೇಳಿ; ಮರಳಿಸುವವರಿಗೇ ಗುತ್ತಿಗೆ ಕೊಡಿ.