ಐರಿಷ್ ನುಡಿಯಲ್ಲಿ ಧ್ವನಿವಿಜ್ಞಾನದ ಹೆಸರು

1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯ ಸ್ಥಾಪನೆಗೊಂಡು, ಅದರ ಸಂವಿಧಾನವು ಐರಿಷ್ ಅನ್ನು ರಾಷ್ಟ್ರಭಾಷೆಯೆಂದು ಸಾರಿದಾಗ, ಹೆಚ್ಚಾಗಿ ಪಶ್ಚಿಮ ಕರಾವಳಿಯ ಒಕ್ಕಲಿಗರ, ಮೀನುಗಾರರ ಮನೆಮಾತಾಗಿ ಉಳಿದಿದ್ದ ಆ ನುಡಿಯು ಕಾನೂನು, ಆಡಳಿತ, ವಿಜ್ಞಾನಗಳ ಹೊರೆಯನ್ನು ಹೊರಬೇಕಾಯಿತು. ಭೌತವಿಜ್ಞಾನಕ್ಕೆ 'ಫಿಶಿಕ್', ರಸಾಯನವಿಜ್ಞಾನಕ್ಕೆ 'ಕೆಮಿಕ್' ಎಂದು ಎರವಲು ರೂಪಗಳೇ ನೆಲೆನಿಂತವಾದರೂ, ಧ್ವನಿವಿಜ್ಞಾನಕ್ಕೆ ಮಾತ್ರ ಮನೆಯ ಸಾಮಗ್ರಿಯಿಂದಲೇ 'ಫೂಅಮೀಅಖ್ತ್' ಎಂಬ ಪದ ರೂಪುಗೊಂಡಿತು.

ಇದರ ಮೂಲವಾದ 'ಫೂಅಮ್' ಎಂದರೆ ಸದ್ದು. ಅದು ಪ್ರಾಚೀನ ಐರಿಷ್‌ನಲ್ಲೂ ಇದ್ದ ಪದ. ಕವಿಯನ್ನು ಹೇಳುವ 'ಫಿಲೆ'ಯಿಂದ ಕಾವ್ಯವನ್ನು ಹೇಳುವ 'ಫಿಲೀಅಖ್ತ್' ಹುಟ್ಟಿದಂತೆ, ಇಲ್ಲಿಯೂ ಭಾವನಾಮದ ಪ್ರತ್ಯಯವೇ ಶಾಸ್ತ್ರದ ಹೆಸರನ್ನು ಕಟ್ಟಿದೆ. ಈ ಪ್ರತ್ಯಯವುಳ್ಳ ಪದಗಳು ಸಾಮಾನ್ಯವಾಗಿ ಸ್ತ್ರೀಲಿಂಗದವು. ನಪುಂಸಕಲಿಂಗವನ್ನು ಕಳೆದುಕೊಂಡ ಆಧುನಿಕ ಐರಿಷ್‌ನಲ್ಲಿ ಶಾಸ್ತ್ರಗಳಿಗೂ ಎರಡರಲ್ಲೊಂದು ಲಿಂಗ ತಪ್ಪದು. ಈ ಪ್ರತ್ಯಯದ ಪದಗಳು ಮೂರನೆಯ ನಾಮಗಣಕ್ಕೆ, ಅಂದರೆ ಷಷ್ಠಿಯಲ್ಲಿ 'ಅ' ಸೇರುವ ವರ್ಗಕ್ಕೆ ಸಲ್ಲುವುದರಿಂದ, 'ಧ್ವನಿವಿಜ್ಞಾನದ' ಎಂಬುದು 'ನ ಫೂಅಮೀಅಖ್ತ' ಎಂದಾಗುತ್ತದೆ.

ಕುತೂಹಲದ ಸಂಗತಿ ಪದದ ಮೊದಲ ಅಕ್ಷರದಲ್ಲಿದೆ. ನಿರ್ದೇಶಕ ಗುಣವಾಚಿಯಾದ 'ಅನ್' ಪ್ರಥಮೆಯಲ್ಲಿ ಸ್ತ್ರೀಲಿಂಗ ನಾಮಕ್ಕೆ ಮೊದಲು ಬಂದರೆ 'ಶೇವೂ', ಅಂದರೆ ವ್ಯಂಜನದ ಮೃದೂಕರಣ, ಉಂಟಾಗಿ 'ಫ' ಪೂರ್ತಿ ಮೌನವಾಗುತ್ತದೆ. ಉಚ್ಚಾರ 'ಅನ್ ಊಅಮೀಅಖ್ತ್'. 'ಮೇಲೆ' ಎಂಬರ್ಥದ 'ಎರ್' ಜೊತೆಗೂಡಿದಾಗ ಪ್ರಮಾಣ ಭಾಷೆಯಲ್ಲಿ 'ಉರೂ', ಅಂದರೆ ಗ್ರಹಣ, ಹಿಡಿದು 'ಎರ್ ಅನ್ ವೂಅಮೀಅಖ್ತ್' ಎಂದು 'ವ'ಕಾರ ಕೇಳಿಸುತ್ತದೆ. ಉತ್ತರದ ಅಲ್‌ಸ್ಟರ್ ಉಪಭಾಷೆ ಇಲ್ಲಿಯೂ ಶೇವೂವನ್ನೇ ಬಳಸುತ್ತದೆ. ಸದ್ದಿನ ಶಾಸ್ತ್ರವೇ ತನ್ನ ಮೊದಲ ಸದ್ದನ್ನು ಹೀಗೆ ಬಿಟ್ಟುಕೊಡುವುದು ವ್ಯಾಕರಣದ ಚೇಷ್ಟೆಯೆನ್ನಬೇಕು. ಹಳೆಯ ಗೇಲಿಕ್ ಲಿಪಿಯಲ್ಲಿ ಶೇವೂವನ್ನು ಅಕ್ಷರದ ನೆತ್ತಿಯ ಚುಕ್ಕೆಯಿಂದ ಸೂಚಿಸುತ್ತಿದ್ದರು. 20ನೆಯ ಶತಮಾನದ ನಡುವೆ ರೋಮನ್ ಅಚ್ಚು ಬಂದ ಮೇಲೆ ಅದರ ಸ್ಥಾನಕ್ಕೆ 'ಎಚ್' ಬಂತು.

ಕನ್ನಡದಲ್ಲಿ 'ಧ್ವನಿವಿಜ್ಞಾನ' ಎಂಬ ಒಂದೇ ಪದ ಭೌತವಿಜ್ಞಾನಿಗೂ ಭಾಷಾವಿಜ್ಞಾನಿಗೂ ಒದಗುವುದುಂಟು. ಐರಿಷ್ ಈ ಗೊಂದಲಕ್ಕೆ ಎಡೆಗೊಡದೆ, ಮಾತಿನ ಧ್ವನಿಗಳ ಅಧ್ಯಯನಕ್ಕೆ 'ಫೌರೀಅಖ್ತ್' ಎಂಬ ಬೇರೆ ಪದವನ್ನು ಮೀಸಲಿಟ್ಟಿರುವುದು ವಿವೇಕದ ಕೆಲಸ. 1958ರ ಅಧಿಕೃತ ಪ್ರಮಾಣ ವ್ಯಾಕರಣವು ಇಂಥ ಪದಗಳ ರೂಪಗಳಿಗೆ ಸ್ಥಿರತೆ ತಂದಿತು. 1968ರಲ್ಲಿ ಶಿಕ್ಷಣ ಇಲಾಖೆಯಡಿ ಸ್ಥಾಪಿತವಾದ ಪರಿಭಾಷಾ ಸಮಿತಿ 1999ರಿಂದ 'ಫೋರಸ್ ನ ಗೇಲ್ಗೆ' ಎಂಬ ಭಾಷಾ ಸಂಸ್ಥೆಯ ಭಾಗವಾಗಿದ್ದು, ಅದರ ಪದಕೋಶದಲ್ಲಿ ಇಂಥ ನಾಮಪದಗಳಿಗೆ ಅರ್ಥದ ಜೊತೆಗೆ ಲಿಂಗ, ಗಣ, ಷಷ್ಠಿರೂಪಗಳೂ ನಮೂದಾಗುತ್ತವೆ.